ಪಂಪಾಂಗ್‌ಗೆ ಭಾನುವಾರವೇ ಹೋಗಿ: ಸಮರಿಂಡಾ ಅಂಚಿನ ದಾಯಾಕ್ ಊರನ್ನು ನೋಡುವ ಬಗೆ

ಇಂಡೋನೇಷ್ಯಾದ ಪಂಪಾಂಗ್‌ಗೆ, ಅಲ್ಲಿನ ದಾಯಾಕ್ ಮೂಲನಿವಾಸಿಗಳ ಕುಣಿತ ನೋಡಲೆಂದು, ಮೊದಲ ಸಲ ನಾನು ಹೋದದ್ದು ಒಂದು ಗುರುವಾರ. ಮೈತುಂಬ ಚಿತ್ತಾರ ಬಿಡಿಸಿಕೊಂಡ ಉದ್ದನೆಯ ಮರದ ಭವನ ಬಿಕೋ ಎನ್ನುತ್ತಿತ್ತು. ಮೆಟ್ಟಿಲ ನೆರಳಿನಲ್ಲಿ ನಾಯಿಯೊಂದು ಮಲಗಿತ್ತು. ಎದುರು ಮನೆಯ ಜಗಲಿಯಲ್ಲಿ ಹೆಂಗಸೊಬ್ಬರು ಮಣಿ ಪೋಣಿಸುತ್ತ ಕುಳಿತಿದ್ದರು. ಕುಣಿತ ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದೆ. ಅವರು ನಕ್ಕು ‘ಹರಿ ಮಿಂಗ್ಗು’ ಎಂದರು. ಹಾಗೆಂದರೆ ಭಾನುವಾರ. ನನ್ನ ವಾಪಸು ವಿಮಾನ ಶುಕ್ರವಾರಕ್ಕಿತ್ತು.

ಎರಡನೆಯ ಸಲ ವಾರ ನೋಡಿಕೊಂಡು ಹೋದೆ. ಆಗಲೂ ಒಂದೆರಡು ತಪ್ಪು ಮಾಡಿದೆ. ನೀವು ಆ ತಪ್ಪುಗಳನ್ನು ಮಾಡದಿರಲಿ ಎಂದು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟಿದ್ದೇನೆ.

ಊರು ಯಾವುದು, ಜನ ಯಾರು

ಬೋರ್ನಿಯೊ ದ್ವೀಪದ ಇಂಡೋನೇಷ್ಯಾ ಭಾಗಕ್ಕೆ ಕಾಲಿಮಂತಾನ್ ಎಂದು ಹೆಸರು. ಅದರ ಪೂರ್ವ ಪ್ರಾಂತ್ಯದ ರಾಜಧಾನಿ ಸಮರಿಂಡಾ, ಮಹಾಕಾಮ್ ನದಿಯ ಎರಡೂ ದಡಗಳಲ್ಲಿ ಹರಡಿಕೊಂಡಿರುವ ಕಲ್ಲಿದ್ದಲಿನ ನಗರ. ನದಿಯ ದಂಡೆಯಲ್ಲಿ ಅರ್ಧ ಗಂಟೆ ನಿಂತರೆ ಕಪ್ಪು ಗುಡ್ಡಗಳನ್ನು ಹೊತ್ತ ದೋಣಿಗಳು ಸಾಲಾಗಿ ಸಮುದ್ರದ ಕಡೆಗೆ ಹೋಗುವುದು ಕಾಣುತ್ತದೆ. ಈ ನಗರದ ಮಧ್ಯಭಾಗದಿಂದ ಉತ್ತರಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ದೂರದಲ್ಲಿ, ಬೊಂತಾಂಗ್ ಕಡೆಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ ಪಂಪಾಂಗ್ ಇದೆ. ಎಲ್ಲರೂ ಅದನ್ನು ‘ದೇಸಾ ಬುದಾಯಾ’ ಎನ್ನುತ್ತಾರೆ. ಅರ್ಥ ಸಂಸ್ಕೃತಿ ಗ್ರಾಮ. ‘ದೇಸಾ’ ನಮ್ಮ ದೇಶವೇ, ಅಲ್ಲಿ ಹಳ್ಳಿಯ ಮಟ್ಟಕ್ಕೆ ಇಳಿದಿದೆ. ಆದರೆ ಆಡಳಿತದ ಕಡತದಲ್ಲಿ ಅದು ಹಳ್ಳಿಯಲ್ಲ, ಸಮರಿಂಡಾ ನಗರದ ಒಂದು ವಾರ್ಡು.

ಇಲ್ಲಿರುವವರು ಕೆನ್ಯಾಹ್ ಜನ. ಆಫ್ರಿಕಾದ ಕೀನ್ಯಾ ದೇಶಕ್ಕೂ ಇವರಿಗೂ ಯಾವ ನಂಟೂ ಇಲ್ಲ. ‘ದಾಯಾಕ್’ ಎಂಬುದು ಬೋರ್ನಿಯೊದ ಒಳನಾಡಿನ ಹತ್ತಾರು ಮೂಲನಿವಾಸಿ ಸಮುದಾಯಗಳಿಗೆ ಹೊರಗಿನವರು ಹೊದಿಸಿದ, ಈಗ ಅವರೂ ಹೆಮ್ಮೆಯಿಂದ ಹೇಳಿಕೊಳ್ಳುವ ಒಂದೇ ಹೆಸರು. ಇಬಾನ್, ಙಾಜು, ಕಾಯಾನ್, ಬಹಾವ್, ಬೆನುವಾಕ್, ಕೆನ್ಯಾಹ್ ಎಲ್ಲರೂ ಅದರೊಳಗೆ ಬರುತ್ತಾರೆ. ಇವರ ಭಾಷೆ ಬೇರೆ, ಕುಣಿತ ಬೇರೆ, ಸಾವಿನ ವಿಧಿಗಳೂ ಬೇರೆ. ಪಂಪಾಂಗ್‌ನಲ್ಲಿ ಕಂಡದ್ದನ್ನು ‘ದಾಯಾಕರ ಪದ್ಧತಿ’ ಎಂದು ಊರಿಗೆ ಬಂದು ಹೇಳಿದರೆ, ಕೊಡವರ ಮದುವೆ ನೋಡಿ ಬಂದು ಕರ್ನಾಟಕದ ಮದುವೆ ಹೀಗೆ ಎಂದ ಹಾಗಾಗುತ್ತದೆ.

ಕೆನ್ಯಾಹ್ ಜನರ ಮೂಲ ನೆಲ ಇಲ್ಲಿಂದ ಬಹು ದೂರ, ಮಲೇಷ್ಯಾ ಗಡಿಗೆ ಅಂಟಿಕೊಂಡಿರುವ ಆಪೊ ಕಾಯಾನ್ ಎಂಬ ಬೆಟ್ಟನಾಡು. ಅಲ್ಲಿಂದ ಕೆಳಗಿನ ಪೇಟೆಗಳಿಗೆ ಬರಲು ಭೋರ್ಗರೆಯುವ ನದಿಯ ಇಳಿಜಾರುಗಳನ್ನು ದಾಟಬೇಕಿತ್ತು. ಉಪ್ಪು ತರುವುದೇ ಒಂದು ದೊಡ್ಡ ಯಾತ್ರೆ. ಶಾಲೆ ಇಲ್ಲ, ಆಸ್ಪತ್ರೆ ಇಲ್ಲ. 1960ರ ದಶಕದಲ್ಲಿ ಇಂಡೋನೇಷ್ಯಾ ಮತ್ತು ಮಲೇಷ್ಯಾ ನಡುವಿನ ಜಗಳದಿಂದ ಗಡಿಯಾಚೆಯ ವ್ಯಾಪಾರವೂ ಕೆಟ್ಟಿತು. ಆ ದಶಕದ ಕೊನೆಯ ಹೊತ್ತಿಗೆ ಗುಂಪು ಗುಂಪಾಗಿ ಮನೆಮಂದಿ ಕೆಳಗಿಳಿದರು. ಒಂದೇ ಉಸಿರಿಗೆ ಬಂದದ್ದಲ್ಲ. ದಾರಿಯಲ್ಲಿ ಅಲ್ಲಲ್ಲಿ ಕಾಡು ಕಡಿದು ಕುಮರಿ ಮಾಡಿ, ಬೆಳೆದ ಭತ್ತ ಉಂಡು, ಮತ್ತೆ ನಡೆದು ಬಂದರು. ಹಾಗೆ ಬಂದವರಲ್ಲಿ ಕೆಲವರು ನೆಲೆ ನಿಂತ ಜಾಗ ಪಂಪಾಂಗ್. 1991ರ ಜೂನ್‌ನಲ್ಲಿ ಪ್ರಾಂತ್ಯದ ರಾಜ್ಯಪಾಲರು ಇದನ್ನು ಸಂಸ್ಕೃತಿ ಗ್ರಾಮವೆಂದು ಘೋಷಿಸಿದರು.

ಇದನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ‘ಕಾಡಿನ ನಡುವಿನ ಪ್ರಾಚೀನ ಊರು’ ನೋಡಲು ಬಂದವರು ಇಲ್ಲಿ ತಗಡಿನ ಸೂರು, ಬೈಕು, ಡಿಶ್ ಆಂಟೆನಾ, ಚರ್ಚು ನೋಡಿ ಮುಖ ಸಿಂಡರಿಸುತ್ತಾರೆ. ಊರಿನ ವಯಸ್ಸು ಅರ್ಧ ಶತಮಾನ ಚಿಲ್ಲರೆ. ಶಾಲೆ, ಉಪ್ಪು, ವೈದ್ಯರನ್ನು ಹುಡುಕಿಕೊಂಡು ನಗರದ ಹತ್ತಿರಕ್ಕೆ ತಾವಾಗಿ ಬಂದ ಜನ ಇವರು. ಬೈಕು ಇಲ್ಲದಿದ್ದರೇ ಆಶ್ಚರ್ಯ.

ಮೊದಲ ಹೆಜ್ಜೆ: ವಾರ ಗುರುತು ಮಾಡಿ, ಆಮೇಲೆ ಟಿಕೆಟ್

ವಾರದ ಕುಣಿತ ಭಾನುವಾರ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ, ಸುಮಾರು ಒಂದು ಗಂಟೆ ನಡೆಯುತ್ತದೆ. ಊರಿನ ಬಹುತೇಕರು ಪ್ರಾಟೆಸ್ಟೆಂಟ್ ಕ್ರೈಸ್ತರು. ಬೆಳಿಗ್ಗೆ ಚರ್ಚು, ಮಧ್ಯಾಹ್ನ ಊಟ, ಆಮೇಲೆ ಗರಿ ಕಟ್ಟಿಕೊಂಡು ಲಾಮಿನ್ ಎಂಬ ಆ ಉದ್ದನೆಯ ಮರದ ಭವನಕ್ಕೆ. ಬೇರೆ ದಿನ ಕುಣಿತ ಬೇಕೆಂದರೆ ಗುಂಪಾಗಿ ಮೊದಲೇ ಹೇಳಿ, ಅದಕ್ಕೆ ಪ್ರತ್ಯೇಕ ಹಣ ಕೊಡಬೇಕು. ಒಬ್ಬಿಬ್ಬರಿಗೆ ಅದು ಕೈಗೆಟುಕುವ ಮಾತಲ್ಲ. ಸುಗ್ಗಿಯ ಹಬ್ಬ ಸಾಮಾನ್ಯವಾಗಿ ಜೂನ್ ತಿಂಗಳ ಆಸುಪಾಸಿನಲ್ಲಿ ಬರುತ್ತದೆ. ಆಗ ಹೋಗಲು ಸಾಧ್ಯವಾದರೆ ಇನ್ನೂ ಒಳ್ಳೆಯದು, ಏಕೆಂದರೆ ಅದು ಮೊದಲಿಗೆ ಅವರ ಸ್ವಂತ ಹಬ್ಬ, ಪ್ರವಾಸಿಗರದ್ದು ಆಮೇಲೆ.

ಊರು ಭೂಮಧ್ಯ ರೇಖೆಯ ಮಗ್ಗುಲಲ್ಲೇ ಇರುವುದರಿಂದ ಮಳೆಗಾಲ ಬೇಸಿಗೆ ಎಂಬ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ. ವರ್ಷವಿಡೀ ಮಳೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ತುಸು ಕಡಿಮೆ. ಜೋರು ಮಳೆ ಬಂದರೆ ಸಮರಿಂಡಾದ ರಸ್ತೆಗಳಲ್ಲಿ ನೀರು ನಿಲ್ಲುತ್ತದೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು: ಸಮರಿಂಡಾ ತಲುಪುವುದು

ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ಇಂಡೋನೇಷ್ಯಾ ವಿಮಾನ ನಿಲ್ದಾಣದಲ್ಲೇ ವೀಸಾ ಕೊಡುತ್ತದೆ. ಶುಲ್ಕ 5 ಲಕ್ಷ ರೂಪಿಯಾ, ಅವಧಿ 30 ದಿನ, ಒಮ್ಮೆ ವಿಸ್ತರಿಸಿಕೊಳ್ಳಬಹುದು. ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿಕೊಂಡರೆ ಸರದಿಯಲ್ಲಿ ನಿಲ್ಲುವುದು ತಪ್ಪುತ್ತದೆ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಆಯುಸ್ಸು ಉಳಿದಿರಲಿ. ಐದು ಲಕ್ಷ ಎಂದು ಬೆಚ್ಚಬೇಡಿ, ಅದು ನಮ್ಮ ಎರಡೂವರೆ ಮೂರು ಸಾವಿರ ರೂಪಾಯಿ. ಅಲ್ಲಿನ 10,000 ಎಂದರೆ ಇಲ್ಲಿನ ಐವತ್ತು ಚಿಲ್ಲರೆ ಎಂದು ತಲೆಯಲ್ಲಿಟ್ಟುಕೊಂಡರೆ ಅಂಗಡಿಯಲ್ಲಿ ಗೊಂದಲವಾಗುವುದಿಲ್ಲ.

ಜಕಾರ್ತಾ ಅಥವಾ ಸುರಬಾಯಾ ಮೂಲಕ ಹೋಗುವುದು ಸಲೀಸು. ಅಲ್ಲಿಂದ ನೇರ ಸಮರಿಂಡಾಕ್ಕೆ ವಿಮಾನವಿದೆ. ಹೊಸ ವಿಮಾನ ನಿಲ್ದಾಣ 2018ರಲ್ಲಿ ಶುರುವಾದದ್ದು, ನಗರದ ಉತ್ತರದಲ್ಲಿದೆ. ಅಂದರೆ ಪಂಪಾಂಗ್ ಇರುವ ದಿಕ್ಕಿನಲ್ಲೇ. ಅಲ್ಲಿಗೆ ಟಿಕೆಟ್ ಸಿಗದಿದ್ದರೆ ಬಲಿಕ್‌ಪಾಪಾನ್‌ಗೆ ಹೋಗಿ. ಅದು ದೊಡ್ಡ ನಿಲ್ದಾಣ, ವಿಮಾನಗಳು ಹೆಚ್ಚು. ಅಲ್ಲಿಂದ ಸಮರಿಂಡಾಕ್ಕೆ ಸುಮಾರು ನೂರು ಕಿಲೋಮೀಟರ್ ಟೋಲ್ ರಸ್ತೆ, ಕಾರಿನಲ್ಲಿ ಎರಡು ಗಂಟೆಯ ಆಸುಪಾಸು. ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ಇಟ್ಟುಕೊಳ್ಳುವುದನ್ನು ಮರೆಯಬೇಡಿ. ಜಕಾರ್ತಾಕ್ಕಿಂತಲೂ ಇಲ್ಲಿ ಒಂದು ಗಂಟೆ ಮುಂದು. ಜಕಾರ್ತಾದ ಸಮಯ ನಂಬಿಕೊಂಡು ಕುಳಿತರೆ ಕುಣಿತ ಮುಗಿದ ಮೇಲೆ ತಲುಪುತ್ತೀರಿ.

ಶನಿವಾರ ಸುಮ್ಮನೆ ಕಳೆಯಬೇಡಿ

ಶುಕ್ರವಾರ ರಾತ್ರಿ ಸಮರಿಂಡಾ ತಲುಪುವ ಹಾಗೆ ಲೆಕ್ಕ ಹಾಕಿ, ಶನಿವಾರ ತೆಂಗ್ಗಾರೊಂಗ್‌ಗೆ ಹೋಗಿ ಬನ್ನಿ. ಮಹಾಕಾಮ್ ನದಿಯ ಮೇಲ್ದಡದಲ್ಲಿ, ಕಾರಿನಲ್ಲಿ ಒಂದು ಗಂಟೆ. ಕುತಾಯ್ ಸುಲ್ತಾನರ ಹಳೆಯ ಅರಮನೆ ಈಗ ಮುಲಾವರ್ಮನ್ ವಸ್ತುಸಂಗ್ರಹಾಲಯವಾಗಿದೆ. ಇದನ್ನು ಸೋಮವಾರಕ್ಕೆ ಉಳಿಸಬೇಡಿ, ಅಲ್ಲಿನ ಬಹುತೇಕ ಸರ್ಕಾರಿ ವಸ್ತುಸಂಗ್ರಹಾಲಯಗಳು ಸೋಮವಾರ ಬಾಗಿಲು ಹಾಕಿರುತ್ತವೆ.

ಮುಲಾವರ್ಮನ್ ಹೆಸರು ಕಿವಿಗೆ ಪರಿಚಿತವಾಗಿ ಕೇಳಿಸುತ್ತದಲ್ಲವೇ? ಮೂಲವರ್ಮನೇ. ಇದೇ ನದಿಯ ಇನ್ನೂ ಮೇಲೆ ಮುಆರಾ ಕಾಮಾನ್ ಎಂಬಲ್ಲಿ ಏಳು ಕಲ್ಲಿನ ಯೂಪಸ್ತಂಭಗಳು ಸಿಕ್ಕಿವೆ. ಕ್ರಿ.ಶ. 400ರ ಸುಮಾರಿನವು, ಭಾಷೆ ಸಂಸ್ಕೃತ, ಲಿಪಿ ದಕ್ಷಿಣ ಭಾರತದ ಪಲ್ಲವ ಬಗೆಯದು. ಮೂಲವರ್ಮ ರಾಜ ಬ್ರಾಹ್ಮಣರಿಗೆ ಇಪ್ಪತ್ತು ಸಾವಿರ ಗೋವುಗಳನ್ನು ದಾನ ಮಾಡಿದ ಎಂದು ಒಂದರಲ್ಲಿ ಬರೆದಿದೆ. ಅವನ ಅಪ್ಪ ಅಶ್ವವರ್ಮ; ಅಜ್ಜನ ಹೆಸರು ಮಾತ್ರ ಕುಂಡುಂಗ, ಅದು ಆ ನೆಲದ್ದೇ ಹೆಸರೆಂದು ವಿದ್ವಾಂಸರು ಹೇಳುತ್ತಾರೆ. ನಮ್ಮ ಹಲ್ಮಿಡಿ ಶಾಸನದ ಕಾಲಕ್ಕೆ ಹತ್ತಿರದ್ದು. ಮೂಲ ಕಲ್ಲುಗಳು ಜಕಾರ್ತಾದಲ್ಲಿವೆ, ಇಲ್ಲಿರುವುದು ನಕಲು. ಆದರೂ ಬೋರ್ನಿಯೊದ ನಡುವೆ ನಿಂತು, ನಮ್ಮ ಕಡೆಯ ಹಳೆಯ ಶಾಸನಗಳ ಅಕ್ಷರಗಳನ್ನು ಹೋಲುವ ಸಾಲುಗಳನ್ನು ನೋಡುವುದಕ್ಕಾಗಿ ನಾನು ಇನ್ನೊಮ್ಮೆ ಬೇಕಾದರೂ ಹೋಗುತ್ತೇನೆ.

ಭಾನುವಾರ ಬೆಳಿಗ್ಗೆ: ವಾಹನ, ಚಿಲ್ಲರೆ, ಹೊಟ್ಟೆ

ಗ್ರ್ಯಾಬ್, ಗೋಜೆಕ್ ಎರಡೂ ಸಮರಿಂಡಾದಲ್ಲಿ ಓಡುತ್ತವೆ. ಆ್ಯಪ್‌ನಲ್ಲಿ ಕಾರು ಹಿಡಿದು ಪಂಪಾಂಗ್‌ಗೆ ಹೋಗುವುದು ಸುಲಭ, ಅಲ್ಲಿಂದ ವಾಪಸು ಕಾರು ಹಿಡಿಯುವುದೇ ಕಷ್ಟ. ನಾನು ಸಂಜೆ ಒಂದೂವರೆ ಗಂಟೆ ಕಾಲ ಮೊಬೈಲ್ ಪರದೆ ನೋಡುತ್ತ ಕುಳಿತು ಕೊನೆಗೆ ಒಂದು ಸಂಸಾರದ ಕಾರಿನ ಹಿಂದಿನ ಸೀಟಿನಲ್ಲಿ ಮೂರು ಮಕ್ಕಳ ನಡುವೆ ತೂರಿಕೊಂಡು ನಗರಕ್ಕೆ ಬಂದೆ. ಆದ್ದರಿಂದ ಹೋಟೆಲಿನಲ್ಲಿ ಕೇಳಿ ಅರ್ಧ ದಿನಕ್ಕೆ ಕಾರು ಗೊತ್ತು ಮಾಡಿಕೊಳ್ಳಿ. ಹೋಗಿ, ಕಾದು, ಕರೆತರುವುದಕ್ಕೆ ಒಟ್ಟು ಎಷ್ಟು ಎಂದು ಹೊರಡುವ ಮೊದಲೇ ತೀರ್ಮಾನವಾಗಲಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ದಾರಿ.

ನಗರದಲ್ಲೇ ಎಟಿಎಂನಿಂದ ಹಣ ತೆಗೆದು ಚಿಲ್ಲರೆ ಮಾಡಿಸಿಕೊಳ್ಳಿ. 10,000, 20,000, 50,000ದ ನೋಟುಗಳು ಸಾಕಷ್ಟಿರಲಿ. ಪ್ರವೇಶಕ್ಕೆ, ಫೋಟೊಕ್ಕೆ, ಮಣಿಸರಕ್ಕೆ ಎಲ್ಲದಕ್ಕೂ ಇವೇ ಬೇಕು. ಒಂದು ಲಕ್ಷದ ನೋಟು ಕೊಟ್ಟು ಅಜ್ಜಿಯೊಬ್ಬರನ್ನು ಚಿಲ್ಲರೆಗಾಗಿ ಅಕ್ಕಪಕ್ಕದ ಅಂಗಡಿಗೆ ಓಡಾಡಿಸುವುದು ಚೆನ್ನಾಗಿರುವುದಿಲ್ಲ.

ಸಸ್ಯಾಹಾರಿಗಳು ನಗರದಲ್ಲೇ ಉಂಡು ಹೋಗುವುದು ಕ್ಷೇಮ. ‘ತಾನ್‌ಪಾ ದಾಗಿಂಗ್’, ಮಾಂಸ ಬೇಡ, ಎಂದರೆ ಅವರ ಲೆಕ್ಕದಲ್ಲಿ ಸಾಮಾನ್ಯವಾಗಿ ದನದ ಮಾಂಸ ಹೋಗುತ್ತದೆ ಅಷ್ಟೇ. ಕೋಳಿ ‘ಆಯಾಮ್’, ಮೀನು ‘ಇಕಾನ್’, ಸಿಗಡಿ ‘ಉದಾಂಗ್’, ಸಿಗಡಿ ಕೊಳೆಸಿ ಮಾಡಿದ ‘ತೆರಾಸಿ’ ಎಲ್ಲವನ್ನೂ ಒಂದೊಂದಾಗಿ ಹೆಸರು ಹಿಡಿದು ಬೇಡ ಎನ್ನಬೇಕು. ಚಟ್ನಿಯಂತೆ ಕಾಣುವ ಸಂಬಾಲ್‌ನಲ್ಲಿ ತೆರಾಸಿ ಅಡಗಿರುತ್ತದೆ. ಅನ್ನ, ಸೋಯಾದಿಂದ ಮಾಡಿ ಕರಿದ ತೆಂಪೆ, ತಾಹು, ಕಡಲೆಕಾಯಿ ಗೊಜ್ಜು ಸುರಿದ ತರಕಾರಿ, ಹೊಟ್ಟೆ ತುಂಬುತ್ತದೆ. ಸಮರಿಂಡಾದ ಹೆಸರಾಂತ ಗರಿಗರಿ ತಿಂಡಿ ಆಂಪ್ಲಾಂಗ್ ನೋಡಲು ನಮ್ಮ ಸಂಡಿಗೆಯ ತಮ್ಮನ ಹಾಗಿದ್ದರೂ ಮೀನಿನದು.

ಹನ್ನೆರಡಕ್ಕೆ ತಲುಪಿ, ಊರಲ್ಲಿ ನಡೆಯಿರಿ

ಬಹುತೇಕ ಪ್ರವಾಸಿಗರು ಎರಡಕ್ಕೆ ಐದು ನಿಮಿಷ ಇರುವಾಗ ಬಂದು ಮೂರಕ್ಕೆ ಹೊರಟುಬಿಡುತ್ತಾರೆ. ಅವರಿಗೆ ವೇದಿಕೆ ಮಾತ್ರ ಸಿಗುತ್ತದೆ, ಊರು ಸಿಗುವುದಿಲ್ಲ. ನೀವು ಹನ್ನೆರಡು ಗಂಟೆಗೆ ಅಲ್ಲಿರಿ. ಚರ್ಚಿನಿಂದ ಬಂದ ಹೆಂಗಸರು ಜಗಲಿಯಲ್ಲಿ ಮಾತಾಡುತ್ತ ಕುಳಿತಿರುತ್ತಾರೆ. ಕುಣಿಯಬೇಕಾದ ಹುಡುಗಿಯರು ಒಬ್ಬರ ಜಡೆಯನ್ನು ಒಬ್ಬರು ಕಟ್ಟುತ್ತಿರುತ್ತಾರೆ. ಅರ್ಧ ವೇಷ ಹಾಕಿದ ಹುಡುಗನೊಬ್ಬ, ಮೇಲೆ ಗರಿಯ ಟೋಪಿ ಕೆಳಗೆ ಫುಟ್‌ಬಾಲ್ ಚಡ್ಡಿ, ಐಸ್ ಕ್ಯಾಂಡಿ ಚೀಪುತ್ತ ಓಡಿಹೋಗುವುದನ್ನು ನಾನು ಕಂಡೆ. ಆ ದಿನದ ಎಲ್ಲ ಕುಣಿತಕ್ಕಿಂತ ಅದು ಹೆಚ್ಚು ನೆನಪಿನಲ್ಲಿ ಉಳಿದಿದೆ.

ಲಾಮಿನ್ ಎದುರಿಗೆ ನಿಂತು ಸ್ವಲ್ಪ ಹೊತ್ತು ನೋಡಿ. ಇದರ ಹೆಸರು ಪೆಮುಂಗ್ ತಾವಾಯ್. ಹಿಂದೆ ಕೆನ್ಯಾಹ್ ಜನ ಹೀಗೆ ಕಂಬಗಳ ಮೇಲೆ ನಿಂತ ಉದ್ದನೆಯ ಒಂದೇ ಸೂರಿನಡಿ ಹತ್ತಾರು ಕುಟುಂಬಗಳಾಗಿ ಬದುಕುತ್ತಿದ್ದರು. ಪಂಪಾಂಗ್‌ನಲ್ಲಿ ಈಗ ಎಲ್ಲರಿಗೂ ಪ್ರತ್ಯೇಕ ಮನೆ. ಲಾಮಿನ್ ಇರುವುದು ಸಭೆಗೆ, ಹಬ್ಬಕ್ಕೆ, ಕುಣಿತಕ್ಕೆ. ಇಂಥ ಭವನಗಳಿಗೆ ಒಲಿದು ಬಳಸುವ ಮರ ಉಲಿನ್. ನೀರಿಗೆ ಹಾಕಿದರೆ ಮುಳುಗುವಷ್ಟು ತೂಕ, ಗೆದ್ದಲು ಮಳೆ ಯಾವುದಕ್ಕೂ ಜಗ್ಗದ ಜಾತಿ. ಕಪ್ಪು, ಬಿಳಿ, ಹಳದಿ ಬಳ್ಳಿಗಳು ಸುರುಳಿ ಸುತ್ತಿ ಗೋಡೆ ತುಂಬ ಹಬ್ಬಿರುತ್ತವೆ. ಬಳ್ಳಿಯ ತುದಿಯನ್ನು ಕಣ್ಣಿನಲ್ಲಿ ಹಿಂಬಾಲಿಸಿದರೆ ಒಂದೊಂದು ಕಡೆ ಅದು ಬಾಯಿ ತೆರೆದ ಪ್ರಾಣಿಯಾಗುತ್ತದೆ. ಅದು ‘ಆಸೊ’, ನಾಯಿಯೂ ಹೌದು, ನಾಗನೂ ಹೌದು ಎಂಬಂಥ ಕಾವಲು ರೂಪ. ಹುಲಿ, ಮಂಗಟ್ಟೆ ಹಕ್ಕಿ, ಮನುಷ್ಯ ರೂಪ ಕೂಡ ಇರುತ್ತವೆ. ಹಿಂದೆ ಪೂರ್ಣ ಮನುಷ್ಯ ರೂಪವನ್ನು ಬಳಸುವ ಹಕ್ಕು ‘ಪಾರೆನ್’ ಎಂಬ ಮೇಲ್ವರ್ಗದ ಮನೆತನಗಳಿಗೆ ಮಾತ್ರ ಇತ್ತು. ಯಾರ ಗೋಡೆಯ ಮೇಲೆ, ಯಾರ ಮಗುವಿನ ಜೋಳಿಗೆಯ ಮೇಲೆ ಯಾವ ಚಿತ್ರ ಇರಬಹುದು ಎಂಬುದರಲ್ಲೇ ಅಂತಸ್ತು ಗೊತ್ತಾಗುತ್ತಿತ್ತು. ಎಲ್ಲರೂ ಸರಿಸಮಾನರಾಗಿ ಬದುಕಿದ ಕಾಡಿನ ಸಮಾಜ ಎಂಬ ಕಲ್ಪನೆ ಇದ್ದರೆ ಅದನ್ನು ಇಲ್ಲಿಗೇ ಬಿಡಿ.

ಒಳಗೆ ಹೋಗುವಾಗ ಮೆಟ್ಟಿಲ ಬಳಿ ಚಪ್ಪಲಿಗಳು ಕಂಡರೆ ನಿಮ್ಮದನ್ನೂ ಬಿಡಿ. ಹಿರಿಯ ಹೆಂಗಸರನ್ನು ‘ಇಬು’, ಗಂಡಸರನ್ನು ‘ಬಾಪಾಕ್’ ಎನ್ನಿ. ತೀರ ವಯಸ್ಸಾದ ಅಜ್ಜಿಯರಿಗೆ ‘ನೆನೆಕ್’. ಯಾರದಾದರೂ ಮುಂದೆ ಹಾದುಹೋಗುವಾಗ ತುಸು ಬಗ್ಗಿ ‘ಪೆರ್ಮಿಸಿ’ ಎಂದರೆ ಸಾಕು, ಮುಖ ಅರಳುತ್ತದೆ.

ಕುಣಿತ ನೋಡುವಾಗ ಕಣ್ಣು ಎಲ್ಲಿರಬೇಕು

ನಮ್ಮ ಯಕ್ಷಗಾನದ ಅಬ್ಬರ ನಿರೀಕ್ಷಿಸಿ ಕುಳಿತರೆ ಮೊದಲ ಹತ್ತು ನಿಮಿಷ ಆಕಳಿಕೆ ಬರಬಹುದು. ಕೆನ್ಯಾಹ್ ಕುಣಿತ ಬಹುಮಟ್ಟಿಗೆ ನಿಧಾನ, ಅದರ ಸೊಗಸು ಸಣ್ಣ ಚಲನೆಯಲ್ಲಿದೆ.

ಮೊದಲು ಕಿವಿ ಕೊಡಿ. ಸಾಪೆ ಎಂಬ ತಂತಿವಾದ್ಯವನ್ನು ಒಂದೇ ಮರದ ತುಂಡನ್ನು ಕೊರೆದು ಮಾಡುತ್ತಾರೆ, ದೋಣಿಯ ಆಕಾರ. ಹಿಂದೆ ಎರಡೇ ತಂತಿ ಇರುತ್ತಿತ್ತು, ರೋಗ ವಾಸಿ ಮಾಡುವ ವಿಧಿಗಳಲ್ಲೂ ನುಡಿಸುತ್ತಿದ್ದರು. ಈಗ ಮೂರು, ನಾಲ್ಕು ತಂತಿಗಳವು ಸಾಮಾನ್ಯ. ಒಂದು ತಂತಿ ರಾಗ ಹಿಡಿದರೆ ಉಳಿದವು ಶ್ರುತಿಯಂತೆ ಹಿಂದೆ ಗುನುಗುತ್ತವೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದು ಬೇಗ ಹತ್ತುತ್ತದೆ. ಜತೆಗೆ ಮರದ ಪಟ್ಟಿಗಳನ್ನು ಸಾಲಾಗಿ ಕಟ್ಟಿ ಕೋಲಿನಿಂದ ಬಾರಿಸುವ ಜಾತುಂಗ್ ಉತಾಂಗ್.

ಹೆಂಗಸರ ಕುಣಿತದಲ್ಲಿ ಬೆರಳುಗಳನ್ನು ನೋಡಿ. ಬೆರಳ ಸಂದಿಯಲ್ಲಿ ಸಿಕ್ಕಿಸಿದ ಗರಿಗಳ ಗುಚ್ಛಕ್ಕೆ ಕಿರಿಪ್ ಎಂದು ಹೆಸರು. ಮಣಿಕಟ್ಟು ತಿರುಗಿದಾಗ ಗರಿಗಳು ಬಿಚ್ಚಿಕೊಂಡು ಮಂಗಟ್ಟೆಯ ರೆಕ್ಕೆಯಾಗುತ್ತವೆ. ಕಂಚೆತ್ ಲಾಸಾನ್ ಎಂಬುದರಲ್ಲಿ ಒಬ್ಬಳೇ ಹೆಂಗಸು ನೆಲಕ್ಕೆ ಕುಗ್ಗಿ, ಕುಳಿತಂತೆಯೇ ಹಾರುವ ಹಕ್ಕಿಯಾಗುತ್ತಾಳೆ. ದಾಂಡೇಲಿಯ ಕಾಡಿನಲ್ಲಿ ಮಂಗಟ್ಟೆ ಹಾರುವಾಗ ರೆಕ್ಕೆಯ ಬುಸುಬುಸು ಸದ್ದು ಕೇಳಿದವರಿಗೆ ಆ ನಿಧಾನದ ಗಾಂಭೀರ್ಯ ಎಲ್ಲಿಂದ ಬಂತೆಂದು ಕೂಡಲೇ ತಿಳಿಯುತ್ತದೆ. ಇನ್ನೊಂದರಲ್ಲಿ ನರ್ತಕಿ ಮಗುಚಿಟ್ಟ ಗಾಂಗ್ ಎಂಬ ದೊಡ್ಡ ಜಾಗಟೆಯ ಮೇಲೆ ನಿಂತೇ ಕುಣಿಯುತ್ತಾಳೆ. ಅಲ್ಲಿ ನೋಡಬೇಕಾದ್ದು ಪಾದ.

ಗಂಡಸರ ಯುದ್ಧ ಕುಣಿತ ಕಂಚೆತ್ ಪಪಾತಾಯ್. ಕೈಯಲ್ಲಿ ಮಂಡಾವ್ ಕತ್ತಿ, ಉದ್ದನೆಯ ಗುರಾಣಿ. ಇಲ್ಲಿ ಮಾತ್ರ ಒಮ್ಮೆಲೇ ಕೂಗು, ನೆಗೆತ. ಹುಡೊಕ್ ಎಂಬುದು ಮುಖವಾಡದ ಕುಣಿತ. ಉಬ್ಬಿದ ಕಣ್ಣು, ಉದ್ದ ಮೂಗಿನ ಮುಖವಾಡ, ಮೈಗೆ ಸೀಳಿದ ಎಲೆಗಳ ಹೊದಿಕೆ. ಮೂಲದಲ್ಲಿ ಇದು ಭತ್ತ ಬಿತ್ತುವ ಕಾಲದ ವಿಧಿ, ಹಂದಿ, ಇಲಿ, ಕೀಟಗಳಿಂದ ಪೈರು ಕಾಯಲು ಚೇತನಗಳನ್ನು ಕರೆಯುವುದು. ಬಹಾವ್, ಮೊದಾಂಗ್ ಜನರಲ್ಲೂ ಇದೆ. ಪಂಪಾಂಗ್‌ನ ಭಾನುವಾರದ ಹುಡೊಕ್ ಪೈರಿಗಲ್ಲ, ನಿಮಗಾಗಿ ನಡೆಯುವುದು. ಅದರಲ್ಲಿ ಮೋಸವೇನೂ ಇಲ್ಲ. ಗದ್ದೆಯಂಚಿನ ಹುಡೊಕ್ ಬೇಕಾದವರು ಮಹಾಕಾಮ್ ನದಿಯಲ್ಲಿ ದಿನಗಟ್ಟಲೆ ಮೇಲಕ್ಕೆ ಹೋಗಬೇಕು, ಅದೂ ಬಿತ್ತನೆಯ ಕಾಲಕ್ಕೆ.

ಕೊನೆಯಲ್ಲಿ ಬಿದಿರ ಗಳುಗಳನ್ನು ತಾಳಕ್ಕೆ ಬಡಿಯುತ್ತ, ನಡುವೆ ಕಾಲು ಸಿಗದಂತೆ ನೆಗೆಯುವ ಪಂಪಾಗಾ ಇರಬಹುದು. ಪ್ರೇಕ್ಷಕರನ್ನೂ ಎಳೆಯುತ್ತಾರೆ. ಹೋಗಿ. ಮೊಣಕಾಲಿಗೆ ಒಂದು ಏಟು ಖಂಡಿತ ಬೀಳುತ್ತದೆ, ಅಷ್ಟಕ್ಕೆ ಯಾರೂ ಸತ್ತಿಲ್ಲ.

ಫೋಟೊಕ್ಕೆ ಹಣ ಕೊಡುವ ವಿಷಯ

ಹಿಂದಿರುಗಿದವರ ದೂರುಗಳಲ್ಲಿ ಮೊದಲನೆಯದು ಇದೇ: ‘ಒಂದು ಫೋಟೊಕ್ಕೂ ದುಡ್ಡು ಕೇಳುತ್ತಾರೆ.’ ಹೌದು, ಕೇಳುತ್ತಾರೆ. ವೇಷ ತೊಟ್ಟವರ ಜತೆ ನಿಂತು ತೆಗೆಸಿಕೊಳ್ಳುವ ಫೋಟೊಕ್ಕೆ ಹತ್ತಾರು ಸಾವಿರ ರೂಪಿಯಾ ಆಗುತ್ತದೆ. ದರ ಆಗಾಗ ಬದಲಾಗುವುದರಿಂದ ‘ಬೆರಾಪಾ?’ ಎಂದು ಮೊದಲೇ ಕೇಳಿಬಿಡಿ. ಕೂತಲ್ಲಿಂದ ಕುಣಿತದ ಫೋಟೊ ತೆಗೆಯುವುದಕ್ಕೂ ಒಬ್ಬರ ಪಕ್ಕ ನಿಂತು ತೆಗೆಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಎರಡನೆಯದು ಅವರ ಸಮಯ, ಅವರ ಮುಖ, ಅವರು ತಿಂಗಳುಗಟ್ಟಲೆ ಕೂತು ಪೋಣಿಸಿದ ಮಣಿಯ ಉಡುಪು. ಮದುವೆಗೆ ಬಂದ ಛಾಯಾಗ್ರಾಹಕನಿಗೆ ನಾವು ಹಣ ಕೊಡುವುದಿಲ್ಲವೇ? ಇಲ್ಲಿ ಮುಖ ತೋರುವವರಿಗೆ ಕೊಡುತ್ತೇವೆ, ಅಷ್ಟೇ. ಚೌಕಾಸಿ ಮಾಡಬೇಡಿ.

ಉದ್ದ ಕಿವಿಯ ಅಜ್ಜಿಯರನ್ನು ನೋಡಲೆಂದೇ ಅನೇಕರು ಬರುತ್ತಾರೆ. ಹಸುಗೂಸಿನ ಕಾಲದಿಂದಲೇ ಕಿವಿ ಚುಚ್ಚಿ, ವರ್ಷ ವರ್ಷಕ್ಕೆ ಹಿತ್ತಾಳೆಯ ಬಳೆಗಳ ಭಾರ ಏರಿಸುತ್ತ ಹಾಲೆಯನ್ನು ಭುಜದವರೆಗೆ ಇಳಿಸುವ ಪದ್ಧತಿ ಇದು. ಅದು ಚೆಲುವು, ಅದೇ ಅಂತಸ್ತು. ಶಾಲೆ, ಚರ್ಚು, ಪೇಟೆಯವರ ಗೇಲಿ ಎಲ್ಲ ಸೇರಿ ಮುಂದಿನ ಪೀಳಿಗೆಯಲ್ಲಿ ಅದು ನಿಂತುಹೋಯಿತು; ಕೆಲವರು ಬೆಳೆಸಿದ ಹಾಲೆಯನ್ನು ಕತ್ತರಿಸಿಕೊಂಡದ್ದೂ ಉಂಟು. ಈಗ ಉಳಿದವರು ಬೆರಳೆಣಿಕೆಯ ವೃದ್ಧರು. ಅವರ ಮುಂಗೈ, ಕಾಲುಗಳ ಮೇಲಿನ ಹಚ್ಚೆಗಳನ್ನೂ ಗಮನಿಸಿ. ಆದರೆ ಕಿವಿಯನ್ನು ಮುಟ್ಟಿ ನೋಡಲು ಹೋಗಬೇಡಿ. ಒಬ್ಬರು ಹಾಗೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಅಜ್ಜಿ ಸುಮ್ಮನಿದ್ದರು, ನನಗೆ ನೆಲದೊಳಗೆ ಇಳಿದುಹೋಗಬೇಕೆನಿಸಿತು. ಹಣ ಕೊಟ್ಟು, ಫೋಟೊ ಆದ ಮೇಲೆ ಪಕ್ಕದಲ್ಲಿ ಎರಡು ನಿಮಿಷ ಕುಳಿತುಕೊಳ್ಳಿ. ಭಾಷೆ ಬಾರದಿದ್ದರೆ ನಿಮ್ಮ ಮನೆಯವರ ಫೋಟೊ ಮೊಬೈಲಿನಲ್ಲಿ ತೋರಿಸಿ. ಯಾವ ಅಜ್ಜಿಗಾದರೂ ಮೊಮ್ಮಕ್ಕಳ ಫೋಟೊ ಅರ್ಥವಾಗುತ್ತದೆ.

ಹಿಂದೆ ದಾಯಾಕ್ ಜನ ಶತ್ರುಗಳ ತಲೆ ಕಡಿದು ತರುತ್ತಿದ್ದ ಕಥೆಗಳ ಬಗ್ಗೆ ಜೋಕು ಮಾಡುವುದು ಬೇಡ. ಆ ಪದ್ಧತಿಯನ್ನು ನಿಲ್ಲಿಸಲು ಬೋರ್ನಿಯೊದ ದಾಯಾಕ್ ಮುಖಂಡರು ಡಚ್ಚರ ಕಾಲದಲ್ಲಿ, 1894ರಲ್ಲಿ, ತುಂಬಾಂಗ್ ಅನೊಯ್ ಎಂಬಲ್ಲಿ ವಾರಗಟ್ಟಲೆ ಸಭೆ ಸೇರಿ ಒಪ್ಪಂದ ಮಾಡಿಕೊಂಡಿದ್ದರು. ಅಂದರೆ ಇದು ಇಲ್ಲಿನವರಿಗೆ ಮುತ್ತಜ್ಜನ ಕಾಲದ ಮಾತು.

ಏನು ಕೊಳ್ಳಬೇಕು, ಏನು ಬಿಡಬೇಕು

ಮಣಿಯ ಕೆಲಸ ಕೊಳ್ಳಿ. ಸರ, ಬಳೆ, ಸಣ್ಣ ಚೀಲಗಳು ಹಗುರ, ಅಗ್ಗ. ದುಡ್ಡಿದ್ದರೆ ಬೆನ್ನಿಗೆ ಮಗು ಕಟ್ಟಿಕೊಳ್ಳುವ ಜೋಳಿಗೆಯ ಮಣಿ ಹಾಸನ್ನು ಕೇಳಿ. ಅದರಲ್ಲಿ ಕೆನ್ಯಾಹ್ ಕಲೆಯ ಪೂರ್ತಿ ಕಸುಬು ಇರುತ್ತದೆ. ಬೆತ್ತದಿಂದ ಹೆಣೆದ, ಬೆನ್ನಿಗೆ ಹಾಕುವ ಆಂಜಾತ್ ಬುಟ್ಟಿಯೂ ಗಟ್ಟಿ, ನನ್ನದು ಇನ್ನೂ ತರಕಾರಿ ತರುತ್ತಿದೆ. ಜಗಲಿಯಲ್ಲಿ ಕುಳಿತು ತಾವೇ ಹೆಣೆಯುತ್ತಿರುವವರಿಂದ ಕೊಳ್ಳುವುದು ಒಳ್ಳೆಯದು, ಏಕೆಂದರೆ ನಗರದ ಅಂಗಡಿಗಳಲ್ಲಿ ಸಿಗುವ ಇಂಥದೇ ಸಾಮಾನು ಎಲ್ಲಿ ಮಾಡಿದ್ದೆಂದು ಹೇಳುವುದು ಕಷ್ಟ.

ಬಿಡಬೇಕಾದ್ದು: ಯಾವ ಹಕ್ಕಿಯ ನಿಜವಾದ ಗರಿಯೂ, ಕೊಕ್ಕೂ, ಯಾವ ಪ್ರಾಣಿಯ ಹಲ್ಲೂ, ಉಗುರೂ, ಚರ್ಮವೂ ಬೇಡ. ಬೋರ್ನಿಯೊದ ಶಿರಸ್ತ್ರಾಣ ಮಂಗಟ್ಟೆ ತೀವ್ರ ಅಳಿವಿನ ಅಂಚಿನಲ್ಲಿದೆ. ಅದರ ಗಟ್ಟಿ ಕೊಂಬಿಗಾಗಿ ಕಳ್ಳಬೇಟೆ ನಡೆಯುತ್ತದೆ. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪೂರ್ತಿ ನಿಷೇಧವಿದೆ, ಎರಡೂ ದೇಶಗಳ ಕಸ್ಟಮ್ಸ್‌ನವರು ಹಿಡಿಯುತ್ತಾರೆ. ‘ಹಳೆಯದು, ತಾತನ ಕಾಲದ್ದು’ ಎಂದು ಯಾರಾದರೂ ಹೇಳಿದರೆ ಇನ್ನೂ ದೂರವಿರಿ. ಮಂಡಾವ್ ಕತ್ತಿಯ ಆಸೆಯನ್ನೂ ಬಿಟ್ಟುಬಿಡಿ. ಕೈಚೀಲದಲ್ಲಿ ಅದು ಹೋಗುವುದಿಲ್ಲ, ಮತ್ತು ನಮ್ಮಲ್ಲಿ ಒಂಬತ್ತು ಅಂಗುಲ ಮೀರಿದ ಅಲಗು ಶಸ್ತ್ರ ಕಾನೂನಿನ ಕೆಳಗೆ ಬರುತ್ತದೆ. ಅಂಗೈಯಗಲದ ಮರದ ಗುರಾಣಿ ಗೋಡೆಗೆ ಅಷ್ಟೇ ಚೆನ್ನಾಗಿ ಒಪ್ಪುತ್ತದೆ.

ಭಾನುವಾರ ಸಿಗದವರಿಗೆ

ದ್ವೀಪದ ಮಲೇಷ್ಯಾ ಭಾಗದಲ್ಲಿ ಕೂಚಿಂಗ್ ನಗರದಿಂದ ಸುಮಾರು 35 ಕಿಲೋಮೀಟರ್ ದೂರದ ಸರವಾಕ್ ಸಂಸ್ಕೃತಿ ಗ್ರಾಮಕ್ಕೆ ಹೋಗಬಹುದು. ಇಬಾನ್, ಬಿದಾಯುಹ್, ಓರಾಂಗ್ ಉಲು ಹೀಗೆ ಬೇರೆ ಬೇರೆ ಜನರ ಮನೆಗಳನ್ನು ಒಂದು ಕೆರೆಯ ಸುತ್ತ ಕಟ್ಟಿಟ್ಟಿದ್ದಾರೆ, ಕುಣಿತವೂ ಇದೆ. ಎಲ್ಲ ಅಚ್ಚುಕಟ್ಟು. ಆದರೆ ಸಂಜೆ ಬಾಗಿಲು ಹಾಕಿದ ಮೇಲೆ ಕಲಾವಿದರು ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ಪಂಪಾಂಗ್‌ನಲ್ಲಿ ಕುಣಿದವರ ಮನೆ ಅಲ್ಲೇ ಎದುರಿಗಿದೆ. ನನ್ನ ಆಯ್ಕೆ ಯಾವುದೆಂದು ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿರಬೇಕು.

ಹೊರಡುವ ಮೊದಲು

ಕುಣಿತ ಮುಗಿದೊಡನೆ ವಾಹನಗಳ ಸಾಲು ಹೆದ್ದಾರಿಯ ಕಡೆಗೆ ನುಗ್ಗುತ್ತದೆ. ಅರ್ಧ ಗಂಟೆ ತಡೆಯಿರಿ. ವೇಷ ಕಳಚಿದ ಹುಡುಗಿಯರು ಟೀ ಶರ್ಟು ತೊಟ್ಟು ಕಿರಿಪ್ ಗರಿಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಯಲ್ಲಿ ಜೋಡಿಸುತ್ತಿರುತ್ತಾರೆ. ಸಾಪೆ ನುಡಿಸಿದವರು ಬಿಡುವಾಗಿದ್ದರೆ ಕೈಗೆ ಕೊಟ್ಟು ತಂತಿ ಮೀಟಲು ಬಿಡುತ್ತಾರೆ. ಸಂಜೆಯ ವಿಮಾನವಿದ್ದರೆ ಸಾಮಾನು ಕಾರಿನಲ್ಲೇ ಇಟ್ಟುಕೊಂಡು ಬನ್ನಿ, ನಿಲ್ದಾಣ ಇಲ್ಲಿಂದ ಹತ್ತಿರ. ನಗರಕ್ಕೆ ಮರಳಿ ಮತ್ತೆ ಬರುವ ಪಾಡಿಲ್ಲ.

ನಗರದಲ್ಲಿ ಇನ್ನೊಂದು ದಿನ ಇರುವವರಿಗೆ ಒಂದು ಕೆಲಸ. ಅಜ್ಜಿಯ ಜತೆ ತೆಗೆಸಿಕೊಂಡ ಫೋಟೊವನ್ನು ಯಾವುದಾದರೂ ಸ್ಟುಡಿಯೊದಲ್ಲಿ ಅಚ್ಚು ಹಾಕಿಸಿ, ಹಿಂದೆ ಹೆಸರು ಬರೆದು, ನಿಮ್ಮ ಕಾರಿನ ಚಾಲಕನ ಕೈಗೆ ಕೊಡಿ. ಮುಂದಿನ ಭಾನುವಾರ ಅವನು ಇನ್ನೊಬ್ಬರನ್ನು ಕರೆದುಕೊಂಡು ಹೇಗೂ ಅಲ್ಲಿಗೆ ಹೋಗುತ್ತಾನೆ.